ಅಂಚಿನ ಅರ್ಧ ಇಂಚು

ಠಾಕುರದ್ವಾರದ ಒಳಗಲ್ಲಿಯಲ್ಲಿ ನನ್ನದು ಚೌಕಟ್ಟಿನ ಅಂಗಡಿ.
ದೇವರು, ದಿವಂಗತರು, ಪದವಿಪತ್ರ:
ನನ್ನ ಗಾಜಿನ ಹಿಂದೆ ಹೋಗುವುದು ಹೆಚ್ಚಾಗಿ ಈ ಮೂರೇ.
ನಾಲ್ಕನೆಯದು ಮುಕುಂದ ಉಭಯಕರ.

ಮೊದಲ ಸಲ ಬಂದಾಗ ಬಗಲಲ್ಲಿ
ಗಿರಣಿಯ ಹಳೇ ಕ್ಯಾಲೆಂಡರಿನಲ್ಲಿ ಸುತ್ತಿದ ಎಂಟು ಹಾಳೆ.
ಲೋವರ್ ಪರೇಲಿನ ಡಿಸೈನು ಖಾತೆಯಲ್ಲಿ ಇಪ್ಪತ್ತೆರಡು ವರ್ಷ
ಸೀರೆಯ ಸೆರಗಿಗೆ ಮಾವಿನಕಾಯಿ ಬರೆದವನು.
ಒಂದೇ ಮಾವಿನಕಾಯಿ, ಗಜಕ್ಕೆ ನಲವತ್ತು.
ಮುಷ್ಕರ ಬಂತು, ಭೋಂಗಾ ನಿಂತಿತು,
ಬರಬೇಕಾದ ಬಾಕಿ ಬರಲೇ ಇಲ್ಲ.
"ಮಾವಿನಕಾಯಿ ಒಂದು ಬಿಟ್ಟು
ಏನು ಬೇಕಾದರೂ ಬರೀತೇನೆ ಆಚಾರಿ" ಅಂದ.

ನಾಲ್ಕೂವರೆಗೆ ನಳಕ್ಕೆ ನೀರು.
ಮೊದಲ ಕೊಡ ಹೆಂಡತಿಯ ಅಡಿಗೆಗೆ,
ಎರಡನೆಯದರಿಂದ ಒಂದು ಗಾಜಿನ ಬಾಟಲಿ ತುಂಬಿಸಿ
ಭಾವುಚಾ ಧಕ್ಕಾಕ್ಕೆ ನಡೆಯುತ್ತಿದ್ದ.
ಕಡಲಿನ ಪಕ್ಕ ಕೂತು
ಕಡಲನ್ನು ಬರೆಯಲು ಮುನಿಸಿಪಾಲಿಟಿ ನೀರು!
ನಾನು ನಕ್ಕಿದ್ದಕ್ಕೆ ಹೇಳಿದ:
"ಉಪ್ಪುನೀರಲ್ಲಿ ಬರೆದ ಚಿತ್ರ
ಪ್ರತಿ ಮಳೆಗಾಲಕ್ಕೂ ಬೆವರುತ್ತದೆ,
ನಿನ್ನ ಗಾಜೇ ಮಸುಕಾಗುತ್ತದೆ."

ಹೆಸರಿಗೆ ತಕ್ಕ ಹಾಗೆ ಎರಡೂ ಕೈಗೆ ಕೆಲಸ:
ಬಲಗೈಯಲ್ಲಿ ಕುಂಚ,
ಎಡಗೈಯಲ್ಲಿ ಹಳೇ ಬನಿಯನ್ನಿನ ಚಿಂದಿ.
ಇದು ಹಾಕುತ್ತದೆ, ಅದು ತೆಗೆಯುತ್ತದೆ.
ಯಾವ ಕೈಗೆ ಕೂಲಿ ಹೆಚ್ಚು ಎಂದು ಕೇಳಿದರೆ
ಚಿಂದಿ ಎತ್ತಿ ತೋರಿಸುತ್ತಿದ್ದ.
ಡಬ್ಬಿಯಲ್ಲಿ ಬಿಳಿಯ ಟ್ಯೂಬೇ ಇಲ್ಲ.
ದೋಣಿಯ ಹಾಯಿ, ಬೊಂಬಿಲು ಒಣಗುವ ಹಗ್ಗದ ಮೇಲಿನ ಬಿಸಿಲು,
ಕೋಳಿವಾಡೆಯ ಹೆಂಗಸಿನ ಮೂಗುಬಟ್ಟು,
ಎಲ್ಲ ಬರೀ ಕಾಗದ.

ಆ ಹೆಂಗಸೇ ಒಮ್ಮೆ ಬಗ್ಗಿ ನೋಡಿ
"ನಾನು ತಂದದ್ದು ಪಾಪಲೇಟು,
ನೀನು ನನ್ನ ಬುಟ್ಟಿಯಲ್ಲಿ ಹಲವಾ ಇಟ್ಟಿದ್ದೀಯ" ಅಂದಳಂತೆ.
ಮೀನು ಅವನಿಗೆ ಮೂರು ಬೂದು ಗೀಟು ಅಷ್ಟೆ.
ಮಾರನೆಯ ದಿನದಿಂದ ಒಂದು ತಿಂಗಳು
ಕುಂಚ ಒಯ್ಯದೆ, ಬರಿಗೈಲಿ
ಹರಾಜಿನ ಕಟ್ಟೆಯ ಮೇಲೆ ಕೂತು
ಮೀನಿನ ಹೊಟ್ಟೆಗಳನ್ನು ನೋಡಿ ಬಂದ.
ಆಮೇಲೂ ಬರೆದದ್ದು ಮೂರೇ ಗೀಟು.
ಅವಳು ಒಪ್ಪಿದಳು. ದರವನ್ನೂ ಹೇಳಿದಳು.

ಮೊದಲ ಪ್ರದರ್ಶನದಲ್ಲಿ ಎರಡು ಹೋದವು:
ಒಂದು ಹಲ್ಲಿನ ಡಾಕ್ಟರಿಗೆ,
ಇನ್ನೊಂದು ಅದೇ ಡಾಕ್ಟರ ಭಾವನಿಗೆ.
ಹತ್ತು ವರ್ಷದ ಮೇಲೆ ಕಾಲಾ ಘೋಡಾದ ಸೇಠ
"ಎಣ್ಣೆಬಣ್ಣದಲ್ಲಿ ಬರಿ, ಗೋಡೆಯಗಲ ಬರಿ" ಎಂದಾಗ
ಚಹಾ ಪೂರ್ತಿ ಕುಡಿದು ಎದ್ದು ಬಂದನಂತೆ.
ನನ್ನ ಹಳೇ ಬಾಕಿ ತೀರುತ್ತಿತ್ತು. ನಾನು ಬೈದೆ.

ಜುಲೈಯಲ್ಲಿ ಅವನ ಆಕಾಶ ಒಣಗಲು ಎರಡು ದಿನ,
ಮೇ ತಿಂಗಳಲ್ಲಿ ಕೈ ಎತ್ತುವ ಮೊದಲೇ ಗೆರೆ ಕಟ್ಟುತ್ತದೆ.
ನಡುವೆ ಸಿಕ್ಕಷ್ಟು ದಿನಗಳ ಕಸುಬು.

ಒಮ್ಮೆ ನಾನು ತಪ್ಪು ಮಾಡಿದೆ.
ಹಾಳೆಯ ಬಲಬದಿಗೆ ಅರ್ಧ ಇಂಚು
ಅಡ್ಡಾದಿಡ್ಡಿ ಬಣ್ಣ ಮೆತ್ತಿತ್ತು,
ಕೊಳೆ ಎಂದು ಪಟ್ಟಿ ಹಿಡಿದು ಕತ್ತರಿಸಿದೆ.
ಅವನು ಕೂಗಾಡಲಿಲ್ಲ.
ಬಗ್ಗಿ, ನೆಲದ ಮರದ ಪುಡಿಯಲ್ಲಿ ಹುಡುಕಿ,
ಊದಿ, ನನ್ನ ಕಣ್ಣ ಹತ್ತಿರ ಹಿಡಿದ:
"ಆಕಾಶ ಇಲ್ಲಿ ಮೂರು ಸಲ ಸೋತಿದೆ ನೋಡು.
ನಾಲ್ಕನೆಯದು ಒಳಗೆ ಹೋಯಿತು."
ಸ್ವಲ್ಪ ಹೊತ್ತು ಬಿಟ್ಟು
"ಕತ್ತರಿಸು, ಪರವಾಗಿಲ್ಲ. ಎಸೆಯಬೇಡ" ಅಂದ.
ಮೊಳೆಯ ಡ್ರಾಯರಿನಲ್ಲಿ ಇಡುತ್ತಾ ಹೋದೆ.
ತಾರೀಖು ಬರೆಯಲಿಲ್ಲ, ಬುದ್ಧಿ ಇರಲಿಲ್ಲ.

ಹೋದ ಜೂನಿನಲ್ಲಿ ಅವನ ಮಗಳು ಬಂದಳು.
ಚಿತ್ರವಲ್ಲ, ಫೋಟೋ ತಂದಿದ್ದಳು,
ಹತ್ತು ಹನ್ನೆರಡು, ಗಂಧದ ಹಾರ ಹಿಡಿಸುವಷ್ಟು ಆಳದ ಚೌಕಟ್ಟು.
ನಾಲ್ಕನೆಯವನು ಎರಡನೆಯ ಗುಂಪಿಗೆ ಸೇರಿದ.
ಸಾಗುವಾನಿ ಹಾಕಿದೆ, ಕಾಡುಮರದ ದರ ತಗೊಂಡೆ.

ಅವಳು ಹೋದ ಮೇಲೆ ಡ್ರಾಯರು ಎಳೆದೆ.
ಕೈ ಬೆವರಿತ್ತು.
ಹೆಬ್ಬೆರಳು ತಾಗಿದ್ದೇ ತಡ
ಯಾವ ವರ್ಷದ್ದೋ ಸೋತ ನೀಲಿ
ಹಸಿಯಾಗಿ ಎದ್ದು ಬಂತು.
ಒರೆಸಿಕೊಳ್ಳದೆ, ಅದೇ ಬೆರಳಲ್ಲಿ
ಯಾರದೋ ಬಿ.ಕಾಂ. ಪದವಿಪತ್ರಕ್ಕೆ ಮೊಳೆ ಹಿಡಿದೆ.
ಮೂಲೆಗೆ ತುಸು ಹತ್ತಿತು.

ಹುಡುಗ ದುಡ್ಡು ಎಣಿಸುತ್ತಿದ್ದ, ನೋಡಲಿಲ್ಲ.